ಕಮ್ಮಿ ಖರ್ಚಿನವನ ಕಾರ್ಡು

ಹೆತ್ತೂರಿನ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ನಾನು ರೈಟರ್, ಅಂದರೆ ಆಳುಗಳ ಹಾಜರಿ ನೋಡಿಕೊಳ್ಳುವವನು. ಒಮ್ಮೆ ಸಕಲೇಶಪುರದ ಬ್ಯಾಂಕಿಗೆ ಹೋಗಿದ್ದಾಗ ಅಲ್ಲಿನ ಹುಡುಗಿಯೊಬ್ಬಳು, "ಕ್ರೆಡಿಟ್ ಕಾರ್ಡ್ ತಗೊಳ್ಳಿ ಸಾರ್, ಪೂರ್ತಿ ಫ್ರೀ. ಖರ್ಚು ಮಾಡಿದಷ್ಟೂ ಪಾಯಿಂಟ್, ಪಾಯಿಂಟಿಗೆ ಸಾಮಾನು ಬರುತ್ತೆ" ಅಂದಳು. ಅವಳು ತೋರಿಸಿದ ಚಿತ್ರಗಳಲ್ಲಿ ಒಂದು ಮಿಕ್ಸಿ ಇತ್ತು. ನಮ್ಮನೆ ಮಿಕ್ಸಿ ಕೆಟ್ಟು, ಹೆಂಡತಿ ಒರಳಲ್ಲೇ ಕಾರ ರುಬ್ಬುತ್ತಿದ್ದಳು. ಸಹಿ ಹಾಕಿದೆ.

ನಮ್ಮೂರ ಅಂಗಡಿಯಲ್ಲಿ ಕಾರ್ಡ್ ನಡೆಯುವುದಿಲ್ಲ. ಪಾಯಿಂಟಿನ ಆಸೆಗೆ ವರ್ಷವಿಡೀ ಬಸ್ಸು ಹತ್ತಿ, ಪೇಟೆಯಿಂದ ಅಕ್ಕಿ ಬೇಳೆ ಹೊತ್ತು ತಂದೆ. "ಇನ್ನೂ ಎಷ್ಟು ದಿನ ಆಗ್ತೈತೆ?" ಅಂತ ಹೆಂಡತಿ ಕೇಳುತ್ತಲೇ ಇದ್ದಳು. ಕೊನೆಗೆ ಬಂದದ್ದು ವಾರ್ಷಿಕ ಫೀಸಿನ ಬಿಲ್ಲು.

ಬ್ಯಾಂಕಿಗೆ ಓಡಿದೆ. ಅದೇ ಹುಡುಗಿ ಕಂಪ್ಯೂಟರ್ ನೋಡಿ, "ನಿಮ್ಮ ಖರ್ಚು ತುಂಬ ಕಮ್ಮಿ ಸಾರ್. ಜಾಸ್ತಿ ಖರ್ಚು ಮಾಡೋರಿಗೆ ಮಾತ್ರ ಫೀಸ್ ಇರಲ್ಲ. ನಿಮ್ಮ ಪಾಯಿಂಟಿಗೆ ಒಂದು ನೀರಿನ ಬಾಟಲಿ ಬರಬಹುದು" ಅಂದಳು.

"ಅಲ್ಲ ಕಣಮ್ಮ, ದುಡ್ಡಿರೋರಿಗೆ ಬಹುಮಾನ, ಇಲ್ದೋರಿಗೆ ದಂಡ ಅಂದ್ರೆ ಯಾವ ನ್ಯಾಯ? ನನ್ನ ಸಂಬಳ ಎಷ್ಟೈತೆ ಅಂತ ನೋಡೇ ತಾನೆ ನೀನು ಕಾರ್ಡ್ ಕೊಟ್ಟಿದ್ದು?"

ಅವಳು ತಲೆ ತಗ್ಗಿಸಿ, "ನಮಗೂ ಟಾರ್ಗೆಟ್ ಇರುತ್ತೆ ಸಾರ್" ಅಂದಳು.

ಫೀಸ್ ಕಟ್ಟಿ ಕಾರ್ಡ್ ಕ್ಯಾನ್ಸಲ್ ಮಾಡಿಸಿದೆ. ಅದೇ ದುಡ್ಡಿಗೆ ಹಳೇ ಮಿಕ್ಸಿಯೇ ರಿಪೇರಿ ಆಗುತ್ತಿತ್ತು. ಹೊರಡುವಾಗ ಅವಳು ಮೆಲ್ಲಗೆ, "ಸಾರ್, ನಮ್ಮ ಸೇವೆ ಹೇಗಿತ್ತು ಅಂತ ಮೆಸೇಜ್ ಬರುತ್ತೆ, ಐದು ಸ್ಟಾರ್ ಕೊಟ್ಬಿಡಿ" ಅಂದಳು.

ಕೊಟ್ಟೆ. ಇಡೀ ವ್ಯವಹಾರದಲ್ಲಿ ಬಿಟ್ಟಿ ಇದ್ದದ್ದು ಅದೊಂದೇ.