ಕಿವಿಯಕ್ಕನ ಇಪ್ಪತ್ತು ಸುತ್ತು

ಬೆಳಗಿನ ಐದೂವರೆ. ಬೀದಿಗೆ ಇನ್ನೂ ಬಾಯಿ ಬಂದಿಲ್ಲ. ಆಂಪ್ಲಿಫೈಯರ್ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಐವತ್ತೆಂಟರ ಹೆಂಗಸೊಬ್ಬರು ಕಣ್ಣು ಮುಚ್ಚಿ ಕೂತಿದ್ದಾರೆ. ಮುಚ್ಚಿದ ಬಾಗಿಲಿನಾಚೆ ಅವರ ತಂಗಿ ಒಮ್ಮೆ ಆಂಪ್ಲಿಫೈಯರ್ ಪೆಟ್ಟಿಗೆ ಬದಲಿಸುತ್ತಾರೆ, ಒಮ್ಮೆ ಬದಲಿಸಿದಂತೆ ನಟಿಸುತ್ತಾರೆ. ಸ್ಪೀಕರಿನಲ್ಲಿ ಅದೇ ಪಿಟೀಲು. ಅಕ್ಕ "ಬೇರೆ" ಅಥವಾ "ಅದೇ" ಎನ್ನಬೇಕು. ಇಪ್ಪತ್ತು ಸುತ್ತು. ಇಂದು ಪರೀಕ್ಷೆ ಪೆಟ್ಟಿಗೆಗಲ್ಲ, ಕಿವಿಗೆ.

ಕಾರ್ಖಾನೆಯವರ ಬಾಯಲ್ಲಿ ಇವರು 'ಕಿವಿಯಕ್ಕ'. ಇಪ್ಪತ್ತಾರು ವರ್ಷ, ದಿನಕ್ಕೆ ಹನ್ನೆರಡು ಪೆಟ್ಟಿಗೆಯ ದನಿ ಕೇಳಿ ಪರೀಕ್ಷಿಸಿದವರು. ಮೀಟರು ಪಾಸು ಮಾಡಿದ್ದನ್ನು ಇವರು ಫೇಲು ಮಾಡಿದ್ದುಂಟು. ಬಸ್ಸಿನಲ್ಲಿ ಕಿವಿಗೆ ಹತ್ತಿ. ಮದುವೆಗೆ ಹೋದರೆ ಊಟದ ಹೊತ್ತಿಗೆ, ವಾದ್ಯದ ಹೊತ್ತಿಗಲ್ಲ.

"ಕಣ್ಣಿಗೆ ಚಾಡಿ ಹೇಳೋ ಚಾಳಿ. ಹೊಳೆಯೋ ಪೆಟ್ಟಿಗೆ ಕಂಡ್ರೆ 'ಇದೇ ಚೆಂದ' ಅಂತ ಕಿವಿಗೆ ಊದುತ್ತೆ. ಸದ್ದು ಕೂದಲೆಳೆಯಷ್ಟು ಜಾಸ್ತಿಯಿದ್ರೂ ಜನ ಆಹಾ ಅಂತಾರೆ. ಅದಕ್ಕೇ ಮೊದಲು ಸದ್ದು ಸಮ ಮಾಡ್ಬೇಕು, ಆಮೇಲೆ ಪೆಟ್ಟಿಗೆ ಮರೆ ಮಾಡ್ಬೇಕು," ಎನ್ನುತ್ತಾರೆ ಅಕ್ಕ.

ಮೊನ್ನೆಯವರೆಗೆ ಆ ಮರೆ ಬರೀ ಪರದೆ, ತಂಗಿ ಅದರಾಚೆ. ತಿಂಗಳಿಗೊಮ್ಮೆ ಕಿವಿಯ ಪರೀಕ್ಷೆ: ಒಂದು ಒಳ್ಳೆಯ ಪೆಟ್ಟಿಗೆ, ತುಸು ದೋಷವಿರುವ ಇನ್ನೊಂದು. ಅಕ್ಕ ಇಪ್ಪತ್ತಕ್ಕೆ ಹದಿನೆಂಟಕ್ಕಿಂತ ಕೆಳಗಿಳಿದವರಲ್ಲ. ಮೊನ್ನೆ ಮಾತ್ರ ಹನ್ನೊಂದು. ಆವತ್ತು ತಂಗಿಗೆ ನೆಗಡಿ.

"ನಿನ್ನ ಮೂಗು ಕಟ್ಟಿದ್ರೆ ನನ್ನ ಕಿವಿ ಯಾಕೆ ಕಟ್ಟುತ್ತೇ?" ಎಂದು ನಕ್ಕರು ಅಕ್ಕ. ನಗು ಅರ್ಧಕ್ಕೇ ನಿಂತಿತು, ವಿಷಯ ಹೊಳೆದಿತ್ತು. ನಿಜವಾಗಿ ಪೆಟ್ಟಿಗೆ ಬದಲಿಸುವಾಗ ತಂಗಿ ಕ್ಷಣಕಾಲ ಉಸಿರು ಬಿಗಿಹಿಡಿಯುತ್ತಿದ್ದರು, ನಟಿಸುವಾಗ ಇಲ್ಲ. ಇಬ್ಬರಿಗೂ ಅರಿವಿಲ್ಲದೆ ಅಕ್ಕ ಕೇಳುತ್ತಿದ್ದದ್ದು ಆ ಉಸಿರನ್ನು, ಪಿಟೀಲನ್ನಲ್ಲ. ನೆಗಡಿಯ ಸೊರಸೊರದಲ್ಲಿ ಅದು ಕಳೆದುಹೋಗಿತ್ತು.

ಹಾಗಾಗಿ ಇಂದು ನಡುವೆ ಬಾಗಿಲು. ಸುತ್ತುಗಳು ಮುಗಿಯುತ್ತವೆ. ತಂಗಿ ಚೀಟಿ ಹಿಡಿದು ಹೊಸ್ತಿಲಲ್ಲೇ ನಿಲ್ಲುತ್ತಾರೆ. ಇಪ್ಪತ್ತಕ್ಕೆ ಹತ್ತು, ನಾಣ್ಯ ಚಿಮ್ಮಿದರೂ ಅಷ್ಟು ಬರುತ್ತದೆ.

"ಹರಿದು ಹಾಕ್ಲಾ ಅಕ್ಕಾ? ಇನ್ನೆರಡು ವರ್ಷಕ್ಕೆ ರಿಟೈರ್ಡು. ಹದಿನೆಂಟು ಅಂತ ಬರೆದ್ಬಿಡ್ತೀನಿ."

"ಬರೆದ್ರೆ ಕೇಳಿಸಿಬಿಡುತ್ತೇನೇ, ಹುಚ್ಚಿ?"

ಅಕ್ಕ ಸ್ಪೀಕರಿನ ಹತ್ತಿರಕ್ಕೆ ಕಿವಿ ಒಯ್ಯುತ್ತಾರೆ. ಪಿಟೀಲು ನುಡಿಯುತ್ತಲೇ ಇದೆ. ಅದರ ತುದಿಯ ಸಣ್ಣ ದನಿ ಯಾವಾಗ ತಮ್ಮ ಕಿವಿ ಬಿಟ್ಟು ಹೋಯಿತೋ ಅವರಿಗೂ ತಿಳಿಯದು.

ಒಂಬತ್ತಕ್ಕೆ ಬಂದ ಮಾಲೀಕರ ಕೈಗೆ ಚೀಟಿ ಕೊಡುತ್ತಾರೆ. ಈ ವರ್ಷ ತಾವು ಪಾಸು ಮಾಡಿದ್ದನ್ನೆಲ್ಲ ಬೇರೆ ಕಿವಿಗೆ ಒಪ್ಪಿಸಿ ಎನ್ನುತ್ತಾರೆ. ಮಾಲೀಕರು ಚೀಟಿಯನ್ನೇ ನೋಡುತ್ತಾರೆ. "ನೀವಾಗಿ ಹೇಳದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ವಲ್ಲಮ್ಮ?"

"ಯಾರಿಗೂ ಗೊತ್ತಾಗದ್ದನ್ನ ಹೇಳೋಕೇ ತಾನೇ ಸಾರ್, ಇಷ್ಟು ವರ್ಷ ನನ್ನ ಇಟ್ಕೊಂಡಿದ್ದು?"