ಶೋಭಾರಾಣಿ ಬರೆದ ಮಾದರಿ ಉತ್ತರ

ಬಡವರನ್ನು ಉದ್ಧಾರ ಮಾಡುವುದಕ್ಕೂ ಈಗ ಡಿಗ್ರಿ ಇದೆ. ಎರಡು ವರ್ಷ ಬೆಂಗಳೂರಿನಲ್ಲಿ ಫ್ಯಾನಿನ ಕೆಳಗೆ ಕೂತು ಓದಿದರೆ ಸಾಕು, ಹಿಪ್ಪುನೇರಳೆ ಗಿಡ ಯಾವುದು ಹುಣಸೆ ಗಿಡ ಯಾವುದು ತಿಳಿಯದಿದ್ದರೂ ರೈತರ ಮೇಲೆ ನಲವತ್ತು ಪುಟ ಬರೆಯುವ ಧೈರ್ಯ ಬಂದುಬಿಡುತ್ತದೆ. ಚಿಕ್ಕಬಳ್ಳಾಪುರದ ಸೇವಾಸಂಸ್ಥೆಯೊಂದಕ್ಕೆ ಮ್ಯಾನೇಜರ್ ಆಗಿ ಬಂದ ಮುರಳಿಮೋಹನ್ ಅಂಥ ಧೈರ್ಯವಂತ. ಕಾರಿನಿಂದ ಇಳಿದರೆ ಮೊದಲು ಶೂ ನೋಡಿಕೊಳ್ಳುತ್ತಿದ್ದ, ಆಮೇಲೆ ಹಳ್ಳಿ.

ಶೋಭಾರಾಣಿ ಅದೇ ಸಂಸ್ಥೆಯಲ್ಲಿ ಹತ್ತೊಂಬತ್ತು ವರ್ಷದಿಂದ ಕಾರ್ಯಕರ್ತೆ. ಪೆರೇಸಂದ್ರದವಳು, ಓದಿದ್ದು ಹತ್ತನೇ ಕ್ಲಾಸು. ಮನೆಯಲ್ಲಿ ಕೂತರೆ ಬರೀ ನರಸಿಂಹಪ್ಪನ ಹೆಂಡತಿ; ಸ್ಕೂಟರ್ ಹತ್ತಿ ಶಿಡ್ಲಘಟ್ಟದ ಕಡೆ ಹೊರಟರೆ ಮಾತ್ರ ಊರೂರಿಗೆ ಶೋಭಕ್ಕ. ಆ ಹೆಸರಿಗಾಗಿಯೇ ಬಿಸಿಲು, ಧೂಳು, ಅತ್ತೆಯ ಗೊಣಗಾಟ ಎಲ್ಲವನ್ನೂ ನುಂಗಿಕೊಂಡಿದ್ದಳು. ಓಣಿಯಲ್ಲಿ ಎಷ್ಟು ಹೊರೆ ಸೊಪ್ಪು ಹೋಯಿತೆಂದು ನೋಡಿಯೇ ಯಾರ ಮನೆಯ ರೇಷ್ಮೆಹುಳು ಯಾವ ಹಂತದಲ್ಲಿದೆ ಎಂದು ಹೇಳಬಲ್ಲವಳು. ಆ ಕಡೆಯ ಒಂದು ಊರಿನ ಮಹಿಳಾ ಸಂಘದ ನಾಯಕಿ ಆಂಜಿನಮ್ಮ ತನ್ನ ಹುಳುಮನೆಯೊಳಗೆ ಸ್ವಂತ ನಾದಿನಿಯನ್ನೂ ಬಿಡುತ್ತಿರಲಿಲ್ಲ, ಹುಳಕ್ಕೆ ಸೋಂಕು ತಗಲುತ್ತದೆಂದು. ಶೋಭಾರಾಣಿಯನ್ನು ಮಾತ್ರ ಬಿಡುತ್ತಿದ್ದಳು. ಬಾಗಿಲ ಬಳಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋಗಿ, ಇಬ್ಬರೂ ಸೊಪ್ಪು ಹರಡುತ್ತಾ ಸಂಘದ ಕೆಲಸವನ್ನೆಲ್ಲ ಅಲ್ಲೇ ಮಾತಾಡಿ ಮುಗಿಸುತ್ತಿದ್ದರು.

ಹೋದ ವರ್ಷ ಮುರಳಿಮೋಹನ್ ಆಂಜಿನಮ್ಮನ ಊರಿನಲ್ಲಿ ಜಾಗೃತಿ ಸಭೆ ಇಟ್ಟ. ದಿನ ಗೊತ್ತುಮಾಡಿದ್ದು ಬೆಂಗಳೂರಿನ ಫೋಟೋಗ್ರಾಫರಿಗೆ ಬಿಡುವು ನೋಡಿ.

"ಸಾರ್, ಈ ವಾರ ಬೇಡ," ಎಂದಳು ಶೋಭಾರಾಣಿ. "ಹುಳ ಗೂಡು ಕಟ್ಟೋಕೆ ಮುಂಚಿನ ವಾರ ಇದು. ಹಗಲೂ ರಾತ್ರಿ ಸೊಪ್ಪು ಹಾಕ್ತಾನೇ ಇರ್ಬೇಕು. ಒಬ್ರೂ ಮನೆ ಬಿಟ್ಟು ಬರಲ್ಲ."

"ಮೇಡಂ, ಇದನ್ನೇ ರೆಸಿಸ್ಟೆನ್ಸ್ ಅನ್ನೋದು. ಜನರನ್ನ ಮೊಬಿಲೈಸ್ ಮಾಡೋದು ನಿಮ್ಮ ಕೆಲಸ," ಎಂದ ಆ ಮಹಾನುಭಾವ.

ಶಾಮಿಯಾನ ಹಾಕಿದವನೊಬ್ಬ, ಫೋಟೋಗ್ರಾಫರ್ ಒಬ್ಬ, ನೆರಳಿಗೆ ಬಂದ ನಾಯಿ ಒಂದು. ಇಷ್ಟು ಜನಕ್ಕೆ ಮುರಳಿಮೋಹನ್ ಪ್ರಗತಿಯ ಬಗ್ಗೆ ಮಾತಾಡಿ ಬಂದ. ಬಂದವನು ಸುಮ್ಮನಿದ್ದನೇ? ಸಭೆ ಕೆಟ್ಟದ್ದಕ್ಕೆ ಮಹಿಳೆಯರಲ್ಲಿನ ಅರಿವಿನ ಕೊರತೆ ಮತ್ತು ಸಂಘದ ನಾಯಕಿಯ ನಿರಾಸಕ್ತಿಯೇ ಕಾರಣವೆಂದು ವರದಿ ಬರೆದ. ಆ ನಾಯಕಿಯ ಮುಖವನ್ನು ಅವನು ನೋಡಿಯೇ ಇರಲಿಲ್ಲ. ಸಂಸ್ಥೆಯವರು ಆಗತಾನೇ ಸೇವಾಸಂಸ್ಥೆ ನಿರ್ವಹಣೆ ಎಂಬ ಡಿಪ್ಲೊಮಾ ಶುರುಮಾಡಿದ್ದರು. ವರದಿ ಅದರಲ್ಲಿ ಪಾಠವಾಯಿತು.

ಆಮೇಲೆ ಬಂತು ಹೊಸ ನಿಯಮ: ಯುಗಾದಿಯೊಳಗೆ ಡಿಪ್ಲೊಮಾ ಪಾಸಾಗದವರು ಹಳ್ಳಿ ಕೆಲಸ ಬಿಟ್ಟು ಆಫೀಸಿನಲ್ಲಿ ಟೀ ಕೊಡಬೇಕು. ಶೋಭಾರಾಣಿ ಶನಿವಾರ ಶನಿವಾರ ಮಕ್ಕಳ ವಯಸ್ಸಿನವರ ಜೊತೆ ಬೆಂಚಿನಲ್ಲಿ ಕೂತಳು. ಪರೀಕ್ಷೆಯಲ್ಲಿ ಆ ಸಭೆ ಯಾಕೆ ಕೆಟ್ಟಿತು ಎಂಬುದೇ ಪ್ರಶ್ನೆಯಾಗಿ ಬಂತು. ಅವಳಿಗೆ ನಗು ಬಂತು. ಹುಳಕ್ಕೆ ಸೊಪ್ಪು ಹಾಕುವ ವಾರದಲ್ಲಿ ಸಭೆ ಕರೆದವನದೇ ತಪ್ಪು ಎಂದು ಎರಡು ಪುಟ ಬರೆದಳು. ಸೊನ್ನೆ ಬಂತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, "ಪಠ್ಯದಲ್ಲಿ ಹೀಗಿಲ್ಲ." ಆ ಸೊನ್ನೆಯಿಂದಲೇ ಫೇಲಾದಳು.

ಮತ್ತೊಂದು ಅವಕಾಶ ಕೊಟ್ಟರು. ಪ್ರಶ್ನೆಯೂ ಅದೇ. ಶೋಭಾರಾಣಿ ಪೆನ್ನು ಹಿಡಿದಳು. ಟೀ ಲೋಟದ ತಟ್ಟೆ ಕಣ್ಣ ಮುಂದೆ ಬಂತು. ಆಮೇಲೆ ಪಠ್ಯದಲ್ಲಿದ್ದದ್ದನ್ನು ಬರೆದಳು, ಸಾಲದ್ದಕ್ಕೆ ತನ್ನ ಅನುಭವವನ್ನೂ ಒಗ್ಗರಣೆ ಹಾಕಿದಳು: "ಆಂಜಿನಮ್ಮ ಎಂಬ ನಾಯಕಿಗೆ ಸಂಘಟನೆಯ ಅರಿವೇ ಇರಲಿಲ್ಲ." ಮುರಳಿಮೋಹನನಿಗೆ ಉಗಿದು ಪ್ರಯೋಜನವಿಲ್ಲ, ಅವನಿಗೆ ಏನೂ ತಿಳಿಯದು. ಇವಳಿಗೆ ಎಲ್ಲ ತಿಳಿದಿತ್ತು. ತಿಳಿದೂ ಬರೆದಳು, ಥೂ.

ಮೊದಲ ಸ್ಥಾನ ಬಂತು. ಪ್ರಮಾಣಪತ್ರವನ್ನು ಹಳ್ಳಿಯ ಹೆಂಗಸೊಬ್ಬರ ಕೈಯಿಂದ ಕೊಡಿಸಿದರೆ ಫೋಟೋ ಚೆನ್ನಾಗಿರುತ್ತದೆ, ಯಾರನ್ನಾದರೂ ಕರೆತನ್ನಿ ಎಂದ ಮುರಳಿಮೋಹನ್. ಅವನು ಗೊತ್ತುಮಾಡಿದ ದಿನ ಮತ್ತೆ ಅಂಥದೇ ವಾರದಲ್ಲಿ ಬಿತ್ತು. ಈ ಸಲ ಶೋಭಾರಾಣಿ ಬೇಡ ಎನ್ನಲಿಲ್ಲ. ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ ಸೀದಾ ಒಳಗೆ ಹೋದಳು.

"ಹುಳ ಮೇಯ್ತಾ ಇದಾವಲ್ಲ ಶೋಭಕ್ಕ, ಹೆಂಗೆ ಬರ್ಲಿ?" ಎಂದಳು ಆಂಜಿನಮ್ಮ.

"ನನಗೋಸ್ಕರ ಬಾರೇ. ನಿನ್ನ ಕೈಯಿಂದ್ಲೇ ಇಸ್ಕೋಬೇಕು ಅಂತ ಆಸೆ."

ಆಂಜಿನಮ್ಮ ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಪೋನೀ, ಆಗ್ಲಿ. ನೀನು ಪಾಸಾಗೋದು ದಿನಾ ಇರುತ್ತಾ?" ಎಂದು ಹುಳುಗಳನ್ನು ಮಗಳು ಲಾವಣ್ಯಳಿಗೆ ಒಪ್ಪಿಸಿ, ಗೃಹಪ್ರವೇಶಕ್ಕೆ ಉಡುವ ಸೀರೆ ಉಟ್ಟುಕೊಂಡು ಬಂದಳು.

ವೇದಿಕೆಯ ಮೇಲೆ ಮುರಳಿಮೋಹನನ ಪಕ್ಕದಲ್ಲೇ ಅವಳ ಕುರ್ಚಿ. ಯಾವ ಊರು, ಯಾವ ಹೆಸರು ಎಂದು ಅವನು ಕೇಳಲೂ ಇಲ್ಲ. ಮೈಕು ಹಿಡಿದು, ಇವತ್ತಿನ ಮಾದರಿ ಉತ್ತರ ಕೇಳಿ ಎಂದು ಶೋಭಾರಾಣಿಯ ಹಾಳೆಯನ್ನು ಗಟ್ಟಿಯಾಗಿ ಓದಿದ. ಊರಿನ ಹೆಸರು ಬಂತು. ಆಂಜಿನಮ್ಮನ ಹೆಸರು ಬಂತು. ಅರಿವೇ ಇರಲಿಲ್ಲ ಎಂಬುದೂ ಬಂತು. ಸಭೆ ಚಪ್ಪಾಳೆ ತಟ್ಟಿತು.

ಶೋಭಾರಾಣಿ ಮೆಟ್ಟಿಲು ಹತ್ತಿದಳು, ತಲೆ ಎತ್ತಲಾಗಲಿಲ್ಲ. ಫೋಟೋಗ್ರಾಫರ್ ಹೇಳಿಕೊಟ್ಟ ಹಾಗೆ ಆಂಜಿನಮ್ಮ ಎರಡೂ ಕೈಯಲ್ಲಿ ಪ್ರಮಾಣಪತ್ರ ಹಿಡಿದು ಕೊಟ್ಟಳು, ಫೋಟೋ ತೆಗೆಯುವವರೆಗೂ ನಿಂತಳು. ಆಮೇಲೆ "ಸೊಪ್ಪು ಹಾಕೋ ಹೊತ್ತಾಯ್ತು," ಎಂದು ಊಟಕ್ಕೂ ನಿಲ್ಲದೆ ಬಸ್ ಹಿಡಿದಳು.

ಶೋಭಾರಾಣಿಯ ಕೆಲಸ ಉಳಿಯಿತು. ಮುಂದಿನ ತಿಂಗಳು ಸ್ಕೂಟರಿನಲ್ಲಿ ಆ ಊರಿಗೆ ಹೋದಳು. ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿದಳು. ಅಷ್ಟರಲ್ಲಿ ಆಂಜಿನಮ್ಮ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಧೂಳು ಒರೆಸಿ, ಅಂಗಳದಲ್ಲಿ ಹಾಕಿದಳು.

"ಒಳಗೆ ಹುಳ ಇದಾವೆ ಮೇಡಂ," ಎಂದಳು. "ಹೊರಗಿನೋರನ್ನ ಬಿಡಲ್ಲ. ಇಲ್ಲೇ ಕೂತ್ಕೊಳ್ಳಿ."

ಶೋಭಾರಾಣಿ ಒದ್ದೆ ಕಾಲಿನಲ್ಲೇ ಹೋಗಿ ಕುರ್ಚಿಯಲ್ಲಿ ಕೂತಳು.