ತಪ್ಪು ಹಂಚಿನದೋ, ಕೈಯದೋ

ಬಚ್ಚಲಲ್ಲಿ ಜಾರಿ ಬಿದ್ದು ಅವ್ವನ ಬಲ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಕೈ ಮೊದಲಿನಂತೆ ತಿರುಗಲಿಲ್ಲ. ಕಬ್ಬಿಣದ ರೊಟ್ಟಿ ಹಂಚನ್ನು ಒಲೆಯ ಮೇಲೇರಿಸಲು ಅವಳಿಗೆ ಎರಡೂ ಕೈ ಬೇಕಾದವು, ಎರಡೂ ಸಾಲಲಿಲ್ಲ. ಬೆಳಗಾವಿಯ ಪೇಟೆಯಿಂದ ನಾನು ಹಗುರವಾದ ನಾನ್‌ಸ್ಟಿಕ್ ತವಾ ತಂದೆ. ಅವ್ವನನ್ನು ನೋಡಲು ಖಾನಾಪುರದಿಂದ ಬಂದಿದ್ದ ಅಕ್ಕ ಹಂಚನ್ನು ತನ್ನ ಮನೆಗೆ ಒಯ್ದಳು. ಅವ್ವನೇ ನಗುತ್ತ ಕೊಟ್ಟಳು ಎನ್ನುತ್ತಾಳೆ ಅಕ್ಕ. ನನಗೆ ನೆನಪಿರುವುದು, ಆ ಹೊತ್ತು ಅವ್ವ ಒಳಕೋಣೆಯಲ್ಲಿ ಕದ ಮುಂದೆ ಮಾಡಿಕೊಂಡು ಮಲಗಿದ್ದದ್ದು. ಇಬ್ಬರಲ್ಲೊಬ್ಬರು ನೆನಪನ್ನು ನಮ್ಮ ಅನುಕೂಲಕ್ಕೆ ತಕ್ಕಂತೆ ತಿದ್ದಿಕೊಂಡಿದ್ದೇವೆ. ಅದು ನಾನಲ್ಲ ಎಂದು ಹೇಳಲಾರೆ.

ಜೋಳದ ರೊಟ್ಟಿಗೆ ಹಂಚು ಖಾಲಿಯಾಗಿ ಕಾಯಬೇಕು. ಅದಕ್ಕೆ ಎಣ್ಣೆ ಮುಟ್ಟಿಸುವಂತಿಲ್ಲ, ಸಾಬೂನು ಹಚ್ಚುವಂತಿಲ್ಲ. ಆರಿದ ಮೇಲೆ ಒಣ ಬಟ್ಟೆಯಿಂದ ಒರೆಸಿ ಗೋಡೆಗೆ ಆನಿಸಿಟ್ಟರೆ ತೊಳೆದಂತೆಯೇ. ಕಾದಿದೆಯೇ ಎಂದು ತಿಳಿಯಲು ಅವ್ವ ಬೆರಳಿನಿಂದ ನೀರು ಚಿಮುಕಿಸುತ್ತಿದ್ದಳು. ಹನಿ ಚುರ್ರೆಂದು ಇಂಗಿದರೆ ಇನ್ನೂ ತಡವಿದೆ. ಉಂಡೆಯಾಗಿ ಓಡಾಡಿದರೆ ರೊಟ್ಟಿ ಹಾಕಬಹುದು. ಹೊಸ ತವಾದ ಮೇಲೆ ಹನಿ ಮೊದಲಿನಿಂದಲೇ ಉಂಡೆಯಾಗಿ ಓಡಾಡಿತು. ಅವ್ವ ಅದನ್ನು ನಂಬಿದಳು.

ಮೊದಲ ರೊಟ್ಟಿ ಹಸಿಹಸಿಯಾಗಿ ಬಂತು. ಎರಡನೆಯದು ಒದ್ದೆ ಬಟ್ಟೆ ಸವರುವಾಗಲೇ ಜಾರಿ ಮಡಚಿಕೊಂಡಿತು. ಯಾವುದೂ ಉಬ್ಬಲಿಲ್ಲ.

“ಹಿಟ್ಟಿನ್ಯಾಗ ಜಿಗಿ ಇಲ್ಲ,” ಎಂದಳು.

ಬೇರೆ ಗಿರಣಿಯಲ್ಲಿ ಬೀಸಿಸಿ ತಂದೆ. ಮತ್ತೆ ಅದೇ. ಜೋಳ ಹಳೆಯದೆಂದಳು, ಬೇರೆ ಜೋಳ ತಂದೆ. ಉರಿ ಹೆಚ್ಚಿಸಿದರೆ ತವಾದಿಂದ ಕಟು ವಾಸನೆ ಏಳುತ್ತಿತ್ತು. ನಾನು ಓಡಿ ಬಂದು ತಗ್ಗಿಸುತ್ತಿದ್ದೆ. ಸ್ಟೀಲ್ ಚಮಚ ತಾಗಿಸಬೇಡ, ತಂತಿಯ ಸ್ಕ್ರಬ್ಬರಿನಿಂದ ತಿಕ್ಕಬೇಡ ಎನ್ನುತ್ತಿದ್ದೆ.

“ಇದೇನ್ ತವಾ ಐತೋ, ಹಸುಗೂಸು ಐತೋ?” ಎಂದು ಗೇಲಿ ಮಾಡಿದಳು. ಕೆಲವು ದಿನಗಳಲ್ಲಿ ಗೇಲಿಯೂ ನಿಂತಿತು. ಹಿಟ್ಟನ್ನು ಬಿಟ್ಟು ತನ್ನ ಅಂಗೈ ನೋಡಿಕೊಳ್ಳತೊಡಗಿದಳು.

“ನನ್ನ ಕೈಯಾಗಿನ ರೊಟ್ಟಿ ಹೋತು ಯಪ್ಪಾ.”

“ಕೈದಲ್ಲವ್ವಾ, ತವಾದ್ದ ತಪ್ಪು.”

“ಹಂಗಂತ ನೀ ಅಂತಿ.”

ಮನೆಯಲ್ಲಿ ರೊಟ್ಟಿ ನಿಂತಿತು. ಖಾನಾವಳಿಯಿಂದ ತಂದುಕೊಟ್ಟರೆ ಅಂಚು ಮುರಿದು ನೋಡಿ ತಟ್ಟೆ ಸರಿಸುತ್ತಿದ್ದಳು. ಕೈ ಹೋಗಿದೆಯೋ ಇಲ್ಲವೋ ಎಂಬುದಕ್ಕೆ ಉತ್ತರ ಅವಳಿಗೆ ಬೇಕಾಗಿದೆ ಎಂದು ನಾನು ತಿಳಿದೆ. ಅದನ್ನು ಹಳೆಯ ಹಂಚು ಮಾತ್ರ ಹೇಳಬಲ್ಲದು. ಖಾನಾಪುರಕ್ಕೆ ಹೋದೆ.

ಅಕ್ಕನ ಅಡುಗೆಮನೆಯಲ್ಲಿ ಹಂಚು ಮಿರಿಮಿರಿ ಮಿಂಚುತ್ತಿತ್ತು.

“ಅಕ್ಕಾ, ರೊಟ್ಟಿ ಹಂಚಿಗೆ ಎಣ್ಣಿ ಹಚ್ಚೀಯಲ್ಲ!”

“ಹಚ್ಚಲಾರದ ದೋಸಿ ಏಳ್ತಾವೇನು? ನಮ್ಮ ಮನ್ಯಾಗ ರೊಟ್ಟಿ ಯಾರ್ ತಿಂತಾರ? ಎಲ್ಲಾರೂ ಅನ್ನದವರು. ಎಷ್ಟ ಚಂದ ಪಳಗೇತಿ ನೋಡು, ಹೊಟ್ಟಿಕಿಚ್ಚು ನಿನಗ.”

ಪೇಪರಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಎಣ್ಣೆ ಪ್ಯಾಂಟಿಗಿಳಿಯಿತು.

ಮರುದಿನ ಬೆಳಿಗ್ಗೆ ಹಂಚನ್ನು ದೊಡ್ಡ ಉರಿಯ ಮೇಲಿಟ್ಟು, ಹರಳುಪ್ಪು ಹಾಕಿ ತಿಕ್ಕಿದೆ. ಒಣ ಹಿಟ್ಟು ಉದುರಿಸಿ ಕಪ್ಪಾಗುವ ತನಕ ಹುರಿದು ಕೊಡವಿದೆ. ಮನೆಯೆಲ್ಲ ಹೊಗೆ. ಅವ್ವ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದಳು: “ಅಂಚಿಗೆ ತಿಕ್ಕು. ಎಣ್ಣಿ ಅಲ್ಲೇ ಕುಂತಿರ್ತೈತಿ.” ಆ ದನಿಯಲ್ಲಿ ಹುರುಪಿತ್ತು ಎಂದು ಬರೆಯುವ ಆಸೆಯಾಗುತ್ತದೆ. ಇತ್ತೋ ಇಲ್ಲವೋ. ಇಬ್ಬರೂ ಕೆಮ್ಮುತ್ತಿದ್ದೆವು.

ಕೊನೆಗೆ ಹೊಗೆ ನಿಂತು, ಹಂಚಿನ ಮಿಂಚು ಹೋಗಿ ಬೂದುಗಪ್ಪು ಕಂಡಿತು. ಅವ್ವ ಹಿಟ್ಟು ನಾದಿಟ್ಟಿದ್ದಳು. ಎದ್ದು ಬಂದು ಎಡಗೈಯಿಂದ ನೀರು ಚಿಮುಕಿಸಿದಳು. ಚುರ್ರೆಂದಿತು. ಸ್ವಲ್ಪ ತಡೆದು ಮತ್ತೆ ಚಿಮುಕಿಸಿದಳು. ಈಗ ಹನಿಗಳು ಓಡಾಡಿದವು.

“ರೊಟ್ಟಿ ಬಡಿಯವ್ವಾ,” ಎಂದೆ.

ಅವಳು ಹಿಟ್ಟಿನ ಉಂಡೆಯ ಮೇಲೆ ಬಲಗೈ ಇಟ್ಟಳು. ತಟ್ಟಲಿಲ್ಲ. ಹಂಚು ಕಾಯುತ್ತಲೇ ಇತ್ತು. ಈ ರೊಟ್ಟಿ ಕೆಟ್ಟರೆ ದೂರಲು ಹಿಟ್ಟಿಲ್ಲ, ಗಿರಣಿಯಿಲ್ಲ, ತವಾ ಇಲ್ಲ ಎಂಬುದು ನನಗೆ ಹೊಳೆದದ್ದು ಆಗ. ಅವಳಿಗೆ ಅದು ನಾನು ಖಾನಾಪುರದ ಬಸ್ಸು ಹತ್ತುವ ಮೊದಲೇ ಗೊತ್ತಿದ್ದಿರಬೇಕು.

“ಅದನ್ನ ಇಳಸು,” ಎಂದಳು. “ನೀ ತಂದಿದ್ದ ತವಾ ಇಡು.”

“ಅದರಾಗ ರೊಟ್ಟಿ ಬರಂಗಿಲ್ಲವ್ವಾ.”

“ಗೊತ್ತೈತಿ. ಇಡು.”

ಬಟ್ಟೆಯಿಂದ ಹಿಡಿದು ಹಂಚನ್ನು ಕೆಳಗಿಳಿಸಿ ತವಾ ಇಟ್ಟೆ. ಅವ್ವ ರೊಟ್ಟಿ ಬಡಿಯತೊಡಗಿದಳು.